ಅಳೆಯದವರ ಆರೋಪ

‘ಹಳೆಯ ಕ್ಯಾಮೆರಾಕ್ಕೆ ಡಿಜಿಟಲ್ ಬ್ಯಾಕ್ ಸಿಕ್ಕಿಸಿದರೆ ಚಿತ್ರ ಮಸುಕಾಗುತ್ತದೆ, ಆ ಕಾಲದ ಲೆನ್ಸುಗಳಿಗೆ ಈ ಕಾಲದ ಸೆನ್ಸರನ್ನು ತಾಳುವ ಶಕ್ತಿಯಿಲ್ಲ.’ ಫೋರ್ಟಿನ ಬೋರಾಬಜಾರಿನಿಂದ ಡೊಂಬಿವಲಿಯ ಹವ್ಯಾಸಿಗಳ ಹರಟೆಯವರೆಗೆ ಈ ಮಾತು ವೇದವಾಕ್ಯದಂತೆ ಚಲಾವಣೆಯಲ್ಲಿದೆ. ಇದು ಸುಳ್ಳು, ಸೋಮಾರಿತನ ಹೆತ್ತ ಸುಳ್ಳು.

ನಾನೂ ಅದನ್ನು ನಂಬಿದ್ದೆ. ಹಗಲು ಹೋಟೆಲಿನಲ್ಲಿ ದುಡಿಯುತ್ತಿದ್ದ ನನ್ನ ತಂದೆಗೆ ರಾತ್ರಿಶಾಲೆಯಲ್ಲಿ ಪಾಠ ಹೇಳಿದ ಮಾಸ್ತರರ ಭಾವಚಿತ್ರ ತೆಗೆಯಲು ಮುಲುಂಡಿನ ಅವರ ಮನೆಗೆ ಹೋಗಿದ್ದೆ. ನನ್ನಂಥ ಸರಕಾರಿ ನೌಕರನ ಸಂಬಳಕ್ಕೆ ನಿಲುಕದ ಡಿಜಿಟಲ್ ಬ್ಯಾಕನ್ನು ಗೆಳೆಯನಿಂದ ಎರವಲು ತಂದು, ಹಳೆಯ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾದ ಫಿಲ್ಮ್ ಡಬ್ಬಿಯ ಜಾಗದಲ್ಲಿ ಕೂರಿಸಿದ್ದೆ. ಮೇಲಿನ ಗಾಜಿನಲ್ಲಿ ಅವರ ಕಣ್ಣುಗಳು ನಿಚ್ಚಳವಾಗಿ ಕಂಡವು. ಹನ್ನೆರಡು ಚಿತ್ರ ತೆಗೆದೆ. ಮನೆಗೆ ಬಂದು ನೋಡಿದರೆ ಕಣ್ಣಂಚಿನ ಸುಕ್ಕುಗಳನ್ನು ಎಣಿಸಬಹುದಿತ್ತು. ಕಣ್ಣುಗಳು ಮಾತ್ರ ಮಂಜು. ‘ಲೆನ್ಸು ಮುದಿಯಾಗಿದೆ, ಮಾರಿಬಿಡಿ ಸಾಹೇಬರೇ’ ಎಂದರು ವ್ಯಾಪಾರಿಯೊಬ್ಬರು.

ಲೆನ್ಸು ನಿರಪರಾಧಿ. ಇಂಥ ಕ್ಯಾಮೆರಾದಲ್ಲಿ ನಾವು ಫೋಕಸ್ ಮಾಡುವುದು ಕನ್ನಡಿಯು ಮೇಲಿನ ಗಾಜಿಗೆ ಕಳಿಸಿದ ಬಿಂಬವನ್ನು ನೋಡಿ. ಚಿತ್ರ ಮೂಡುವುದು ಹಿಂದಿನ ಸೆನ್ಸರಿನ ಮೇಲೆ. ಲೆನ್ಸಿನಿಂದ ಎರಡಕ್ಕೂ ಬೆಳಕು ಸಾಗುವ ದೂರ ಒಂದೇ ಆಗಿರಬೇಕು. ಕನ್ನಡಿಯನ್ನು ತಾಳುವ ಸ್ಪಂಜು ದಶಕಗಳಲ್ಲಿ ಕುಸಿದರೆ, ಗಾಜು ಸರಿಯಾಗಿ ಕೂರದಿದ್ದರೆ, ಆ ಸಮತೆ ತಪ್ಪುತ್ತದೆ. ವ್ಯತ್ಯಾಸ ಕೇವಲ 0.1 ಮಿಲಿಮೀಟರ್ ಎಂದಿಟ್ಟುಕೊಳ್ಳಿ. 80 ಮಿಲಿಮೀಟರ್ ಲೆನ್ಸಿನಲ್ಲಿ, 1.2 ಮೀಟರ್ ದೂರದ ಮುಖದ ಮೇಲೆ, ಫೋಕಸ್ ಸುಮಾರು 2 ಸೆಂಟಿಮೀಟರ್ ಸರಿಯುತ್ತದೆ. ಎಫ್/2.8ರಲ್ಲಿ ಒಂದು ಬಿಂದು ಸುಮಾರು 36 ಮೈಕ್ರಾನ್ ಅಗಲಕ್ಕೆ ಹರಡುತ್ತದೆ. ಹ್ಯಾಸಲ್‌ಬ್ಲಾಡ್‌ನ 50 ಮೆಗಾಪಿಕ್ಸೆಲ್ ಬ್ಯಾಕಿನಲ್ಲಿ ಒಂದು ಪಿಕ್ಸೆಲ್ಲಿನ ಅಗಲ 5.3 ಮೈಕ್ರಾನ್. ಅಂದರೆ ಏಳು ಪಿಕ್ಸೆಲ್ಲುಗಳ ಮಂಜು!

‘ಫಿಲ್ಮಿನಲ್ಲಿ ಈ ತೊಂದರೆಯೇ ಇರಲಿಲ್ಲ’ ಎನ್ನುವ ಮಡಿವಂತರಿಗೆ ನನ್ನ ಉತ್ತರ: ಇತ್ತು, ಕಾಣುತ್ತಿರಲಿಲ್ಲ. ಸಣ್ಣ ಮುದ್ರಣದಲ್ಲಿ ಅಡಗಿದ್ದ ದೋಷ ಕಂಪ್ಯೂಟರಿನ ಪರದೆಯಲ್ಲಿ ಹಿಗ್ಗಿಸಿದಾಗ ಬಯಲಾಗಿದೆ, ಅಷ್ಟೆ. ‘ಬ್ಯಾಕಿನ ಪರದೆಯಲ್ಲೇ ನೋಡಿ ಫೋಕಸ್ ಮಾಡಿ’ ಎಂಬುದೂ ಅರ್ಧಸತ್ಯ. ಅದಕ್ಕೆ ಟ್ರೈಪಾಡ್ ಹೂಡಿ, ಕನ್ನಡಿ ಎತ್ತಿ, ಶಟರ್ ತೆರೆದಿಡಬೇಕು. ಕಟ್ಟಡಕ್ಕೆ ಅದು ಸರಿ. ಮಾತನಾಡುತ್ತ ಅಲುಗುವ ವೃದ್ಧರಿಗಲ್ಲ.

ಮೈಸೂರಿನ ವಿ. ಕೆ. ಮೂರ್ತಿಯವರು 1959ರಲ್ಲಿ ‘ಕಾಗಜ್ ಕೆ ಫೂಲ್’ ಚಿತ್ರಕ್ಕೆ ಛಾಯಾಗ್ರಹಣ ಮಾಡಿದ್ದು ಈ ಊರಿನ ಚಿತ್ರರಂಗದಲ್ಲೇ. ನಟರ ಮುಖದಿಂದ ಕ್ಯಾಮೆರಾದವರೆಗೆ ಟೇಪು ಹಿಡಿದು ಅಳೆದು ಫೋಕಸ್ ಮಾಡುವುದು ಸಿನಿಮಾದವರ ನಿತ್ಯದ ಶಿಸ್ತು. ಅಳೆಯುವುದು ಅವರಿಗೆ ಅವಮಾನವಾಗದಿದ್ದರೆ ನಮಗೇಕೆ ಆಗಬೇಕು?

ಅಡಿಪಟ್ಟಿಯೊಂದನ್ನು 45 ಡಿಗ್ರಿ ಓರೆಯಾಗಿಡಿ. ನಡುವಿನ ಗೆರೆಗೆ ಫೋಕಸ್ ಮಾಡಿ, ಅಪರ್ಚರ್ ಪೂರ್ತಿ ತೆರೆದು ಚಿತ್ರ ತೆಗೆಯಿರಿ. ಹಲವು ಸಲ ತೆಗೆದಾಗಲೂ ಬೇರೊಂದು ಗೆರೆಯೇ ಸ್ಪಷ್ಟವಾಗಿದ್ದರೆ ದೋಷ ಜೋಡಣೆಯಲ್ಲಿದೆ, ಬಲ್ಲವರಿಂದ ಸರಿಪಡಿಸಬಹುದು. ಅಲ್ಲಿಯವರೆಗೆ ಎಫ್/8 ಇಟ್ಟರೆ ಅದೇ ತಪ್ಪು ಎರಡು-ಮೂರು ಪಿಕ್ಸೆಲ್ಲಿಗೆ ಇಳಿಯುತ್ತದೆ. ಇಷ್ಟನ್ನೂ ಮಾಡದೆ ಹಳೆಯದನ್ನು ದೂರುವವರಿಗೆ ದೂರುವ ಹಕ್ಕಿಲ್ಲ.

ನನ್ನ ಅಡಿಪಟ್ಟಿ ತಡವಾಗಿ ಹೊರಬಂತು. ಕ್ಯಾಮೆರಾ ಸರಿಹೋಗುವಷ್ಟರಲ್ಲಿ ಮಾಸ್ತರರು ತೀರಿಕೊಂಡಿದ್ದರು. ಆ ಹನ್ನೆರಡು ಚಿತ್ರಗಳಲ್ಲಿ ಒಂದನ್ನೇ ಅವರ ಮನೆಯವರು ಗೋಡೆಗೆ ಹಾಕಿದ್ದಾರೆ. ಸುಕ್ಕುಗಳು ಇಂದಿಗೂ ಸ್ಪಷ್ಟವಾಗಿವೆ.