ವಿವೇಕಾನಂದರ ಬಳಗ ಮತ್ತು ವಿಜ್ಞಾನ

ಧರ್ಮಕ್ಕೂ ವಿಜ್ಞಾನಕ್ಕೂ ಹುಟ್ಟುಹಗೆಯೆಂದು ಹೇಳುವವರುಂಟು. ವಿಜ್ಞಾನವು ಇಂದು ಕಂಡುದನ್ನೆಲ್ಲ ನಮ್ಮ ಋಷಿಗಳು ಅಂದೇ ಕಂಡಿದ್ದರೆಂದು ಹೆಮ್ಮೆಪಡುವವರೂ ಉಂಟು. ಈ ಎರಡು ಮಾತುಗಳನ್ನೂ ಒರೆಗೆ ಹಚ್ಚಿ ನೋಡಲು ಸ್ವಾಮಿ ವಿವೇಕಾನಂದರ ಬಳಗ ಒಳ್ಳೆಯ ನಿದರ್ಶನ.

ಧರ್ಮವೂ ವಿಚಾರಶಕ್ತಿಯ ಪರೀಕ್ಷೆಗೆ ಒಳಗಾಗಬೇಕು, ಆ ಪರೀಕ್ಷೆಯಲ್ಲಿ ನಿಲ್ಲದುದು ಮೂಢನಂಬಿಕೆಯೇ ಸರಿ ಎಂಬುದು ಸ್ವಾಮೀಜಿಯವರ ನಿಲುವು. 1896ರಲ್ಲಿ ನ್ಯೂಯಾರ್ಕಿನಲ್ಲಿ ಅವರು ವಿದ್ಯುತ್ತಿನ ಮಹಾಶೋಧಕ ನಿಕೊಲಾ ಟೆಸ್ಲಾ ಅವರನ್ನು ಕಂಡರು. ವೇದಾಂತದ ಆಕಾಶ, ಪ್ರಾಣ ಎಂಬ ಕಲ್ಪನೆಗಳು ಟೆಸ್ಲಾ ಅವರ ಮನಸ್ಸನ್ನು ಸೆಳೆದವು. ಬಲ ಮತ್ತು ಜಡದ್ರವ್ಯಗಳೆರಡೂ ಒಂದೇ ಮೂಲಶಕ್ತಿಯ ರೂಪಗಳೆಂಬುದನ್ನು ಅವರು ಗಣಿತದಿಂದ ಸಾಧಿಸಿಯಾರು, ಆಗ ವೇದಾಂತದ ಸೃಷ್ಟಿವಿಚಾರಕ್ಕೆ ಭದ್ರವಾದ ತಳಹದಿ ದೊರೆತೀತು ಎಂದು ಸ್ವಾಮೀಜಿ ಮಿತ್ರರೊಬ್ಬರಿಗೆ ಬರೆದರು. ಟೆಸ್ಲಾ ಅಂತಹ ಗಣಿತವನ್ನು ಪ್ರಕಟಿಸಲೇ ಇಲ್ಲ. 1905ರಲ್ಲಿ ಐನ್‌ಸ್ಟೈನರು ದ್ರವ್ಯರಾಶಿಗೂ ಶಕ್ತಿಗೂ ಇರುವ ಸಂಬಂಧವನ್ನು ನಿರೂಪಿಸಿದರಲ್ಲ, ಅದೇ ಇದು ಎನ್ನುವವರಿದ್ದಾರೆ. ಈ ವಾದ ನನಗೆ ಒಪ್ಪಿಗೆಯಾಗದು. ಐನ್‌ಸ್ಟೈನರ ಸೂತ್ರ ಅಳೆಯಬಹುದಾದ ವಸ್ತುವನ್ನು ಕುರಿತದ್ದು. ಪ್ರಾಣವನ್ನು ಅಳೆಯುವ ಮಾನ ಯಾವುದು? ಅಲ್ಲದೆ, ವಿಜ್ಞಾನವು ತನ್ನ ಮಾತನ್ನು ತಾನೇ ತಿದ್ದಿಕೊಳ್ಳುತ್ತದೆ. ಅಂದು ಆಕಾಶತತ್ತ್ವಕ್ಕೆ ಹೋಲಿಸುತ್ತಿದ್ದ 'ಈಥರ್' ಎಂಬ ಕಲ್ಪನೆಯನ್ನು ಭೌತವಿಜ್ಞಾನಿಗಳೇ ಕೈಬಿಟ್ಟರು. ಅದಕ್ಕೆ ಕಟ್ಟಿದ ಧರ್ಮವೂ ಅದರೊಡನೆ ಬೀಳಬೇಕೆ?

ಈ ಬಳಗ ವಿಜ್ಞಾನಕ್ಕೆ ಸಲ್ಲಿಸಿದ ನಿಜವಾದ ಸೇವೆ ಬೇರೆಯೇ ಇದೆ. 1893ರಲ್ಲಿ ಜಪಾನಿನಿಂದ ಹೊರಟ ಹಡಗಿನಲ್ಲಿ ಸ್ವಾಮೀಜಿಗೆ ಜೊತೆಯಾಗಿದ್ದ ಜಮ್‌ಷೆಟ್‌ಜಿ ಟಾಟಾ ಅವರು 1898ರಲ್ಲಿ ಪತ್ರ ಬರೆದು, ತಮ್ಮ ಸಂಶೋಧನಾ ಸಂಸ್ಥೆಯ ಯೋಜನೆಗೆ ಅವರ ನೆರವನ್ನು ಕೋರಿದರು. ಮರುವರ್ಷ ಬಳಗದ 'ಪ್ರಬುದ್ಧ ಭಾರತ' ಪತ್ರಿಕೆ ಆ ಯೋಜನೆಯ ಪರವಾಗಿ ಬರೆಯಿತು. ಮೈಸೂರು ಸಂಸ್ಥಾನವಿತ್ತ ಭೂಮಿಯಲ್ಲಿ, 1909ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ವಿಜ್ಞಾನ ಮಂದಿರವೇ ಅದು. ಬೆಂಗಳೂರಿಗರು ಅದನ್ನು ಇಂದಿಗೂ 'ಟಾಟಾ ಇನ್‌ಸ್ಟಿಟ್ಯೂಟ್' ಎಂದೇ ಕರೆಯುತ್ತಾರೆ.

ಸೋದರಿ ನಿವೇದಿತಾ ಅವರ ಕೆಲಸವಂತೂ ಇನ್ನೂ ಮೌನವಾದದ್ದು. ಜಗದೀಶಚಂದ್ರ ಬೋಸರು ಜೀವಿ ಮತ್ತು ನಿರ್ಜೀವಿಗಳ ಪ್ರತಿಕ್ರಿಯೆಯನ್ನು ಕುರಿತು ಗ್ರಂಥಗಳನ್ನು ರಚಿಸುತ್ತಿದ್ದಾಗ ಆಕೆ ಜೊತೆಗೆ ಕುಳಿತು ಬರಹವನ್ನು ತಿದ್ದಿಕೊಟ್ಟರು. 1901ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಉಪನ್ಯಾಸ ನೀಡಿದ ಬೋಸರು ಗಂಗಾತೀರದ ಪೂರ್ವಿಕರನ್ನು ನೆನೆದರು, ನಿಜ. ಆದರೆ ನೆನೆದದ್ದು ಭಾಷಣದ ಕೊನೆಯಲ್ಲಿ, ಉಪಕರಣಗಳು ಬರೆದ ರೇಖೆಗಳನ್ನೆಲ್ಲ ಸಭೆಯ ಮುಂದಿಟ್ಟ ಮೇಲೆ.