ಲಾಗಿನ್ ಆಗದ ದಿನವನ್ನು ಗೈರುಹಾಜರಿ ಎಂದು ಬರೆಯಬೇಡಿ

ತುಮಕೂರು ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಹಾಗೂ ಮೊಬೈಲ್ ಆ್ಯಪ್ ಮೂಲಕ ಕೆಲಸ ಮಾಡಿಸುವ ಎಲ್ಲ ಇಲಾಖೆಗಳ ಜಿಲ್ಲಾ ಮುಖ್ಯಸ್ಥರಿಗೆ

ಮಾನ್ಯರೇ,

ಗುಬ್ಬಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ನಡೆಸುತ್ತಿದ್ದೇನೆ. ಡಿಸ್‌ಪ್ಲೇ ಒಡೆದವರು, ಚಾರ್ಜಿಂಗ್ ಪಿನ್ ಹೋದವರು ಬರುವುದು ಈ ಕಸುಬಿನಲ್ಲಿ ಮೊದಲಿನಿಂದಲೂ ಇದ್ದದ್ದೇ. ಈಚಿನ ವರ್ಷಗಳಲ್ಲಿ ಬೇರೊಂದು ಬಗೆಯ ಗಿರಾಕಿಗಳು ಹೆಚ್ಚಾಗಿದ್ದಾರೆ. ಅವರ ಫೋನಿಗೆ ಏನೂ ಆಗಿರುವುದಿಲ್ಲ. ಕೆಲಸದ ಆ್ಯಪ್ ಮಾತ್ರ ಒಳಗೆ ಬಿಡುತ್ತಿರುವುದಿಲ್ಲ. 'ಲಾಗಿನ್ ಆಗ್ತಿಲ್ಲ ನೋಡಣ್ಣ, ಸಂಜೆ ಒಳಗೆ ಅಪ್‌ಲೋಡ್ ಮಾಡ್ಲೇಬೇಕು' ಎಂದು ಫೋನನ್ನು ನನ್ನ ಕೈಗಿಡುತ್ತಾರೆ. ಅಂಗನವಾಡಿ ಕಾರ್ಯಕರ್ತೆಯರು, ಆಶಾಗಳು, ಗ್ರಾಮ ಆಡಳಿತಾಧಿಕಾರಿಗಳು, ಪಂಚಾಯಿತಿ ಸಿಬ್ಬಂದಿ, ಮೇಷ್ಟ್ರುಗಳು, ವಸಂತನರಸಾಪುರದ ಕಾರ್ಖಾನೆಗಳಲ್ಲಿ ಸ್ಟೋರ್ ಮತ್ತು ಲೆಕ್ಕ ನೋಡಿಕೊಳ್ಳುವ ಹುಡುಗರು, ಎಲ್ಲರೂ ಇದರಲ್ಲಿದ್ದಾರೆ. ಕುಣಿಗಲ್‌ನಲ್ಲಿ ಇದೇ ಕಸುಬು ಮಾಡುವ ನನ್ನ ಭಾಮೈದನೂ ಇದೇ ಮಾತು ಹೇಳುತ್ತಾನೆ. ಈ ಜನರ ಪರವಾಗಿ ಬರೆಯುತ್ತಿದ್ದೇನೆ. ಅವರೇ ಬರೆದರೆ ಮರುದಿನ ನೋಟಿಸ್ ಬಂದೀತು ಎಂಬ ಅಂಜಿಕೆ ಅವರಿಗಿದೆ.

ಆ್ಯಪ್ ಬೇಡ ಎನ್ನುವ ವಾದ ನನ್ನದಲ್ಲ. ದೊಡ್ಡ ದೊಡ್ಡ ರಿಜಿಸ್ಟರು ಬರೆದು ತಿಂಗಳ ಕೊನೆಗೆ ತಾಲ್ಲೂಕು ಕಚೇರಿಗೆ ಹೊತ್ತು ತರುತ್ತಿದ್ದ ಕಾಲ ಮತ್ತೆ ಬರಲಿ ಎಂದು ನನ್ನಲ್ಲಿಗೆ ಬರುವವರೂ ಕೇಳುವುದಿಲ್ಲ. ಆದರೆ ಕಚೇರಿಯನ್ನೇ ಫೋನಿನೊಳಗೆ ಇಟ್ಟಮೇಲೆ ಆ ಕಚೇರಿಯ ಬಾಗಿಲು ತೆರೆಯುವ ಹೊಣೆ ಯಾರದು ಎಂಬುದೂ ತೀರ್ಮಾನವಾಗಬೇಕಿತ್ತು. ಅದು ಇವತ್ತಿಗೂ ಆಗಿಲ್ಲ. ಹಾಜರಿ, ವರದಿ, ಫೋಟೊ, ಮೇಲಿನವರ ಸೂಚನೆ, ಸಹೋದ್ಯೋಗಿಗಳ ನಡುವೆ ಓಡಾಡುವ ಕಡತ ಎಲ್ಲವೂ ಆ ಒಂದು ಪರದೆಯ ಹಿಂದೆ ಇವೆ. ಪರದೆ ತೆರೆಯದಿದ್ದರೆ ಆ ದಿನ ಕಾರ್ಯಕರ್ತೆ ಬೆಳಿಗ್ಗೆಯಿಂದ ಬಿಸಿಲಲ್ಲಿ ಊರು ಸುತ್ತಿದ್ದರೂ ಲೆಕ್ಕದಲ್ಲಿ ಕೆಲಸ ಮಾಡಿಲ್ಲ.

ಇದು ಒಂದು ಇಲಾಖೆಯ ಮಾತಲ್ಲ. ಅಂಗನವಾಡಿಗಳಿಗೆ ಪೋಷಣ್ ಟ್ರ್ಯಾಕರ್ ಆ್ಯಪ್ ಬಂದದ್ದು 2021ರ ಮಾರ್ಚ್ 1ರಂದು. ಮನೆಗೆ ಕೊಂಡೊಯ್ಯುವ ಪಡಿತರಕ್ಕೆ ಫಲಾನುಭವಿಯ ಮುಖ ಗುರುತು ಹಿಡಿಯುವುದು 2025ರ ಜುಲೈ 1ರಿಂದ ಕಡ್ಡಾಯವಾಯಿತು. ಉದ್ಯೋಗ ಖಾತ್ರಿ ಕೆಲಸಗಳಲ್ಲಿ ದಿನಕ್ಕೆ ಎರಡು ಸಲ ಫೋಟೊ ತೆಗೆದು ಆ್ಯಪ್‌ನಲ್ಲೇ ಹಾಜರಿ ಹಾಕುವುದು 2023ರ ಜನವರಿ 1ರಿಂದ ಕಡ್ಡಾಯವಾಗಿತ್ತು. 2024ರ ಸೆಪ್ಟೆಂಬರ್ 26ರಂದು ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರಕ್ಕೆ ಇಳಿದಾಗ ಹದಿನೇಳಕ್ಕೂ ಹೆಚ್ಚು ಆ್ಯಪ್‌ಗಳ ಹೊರೆ ಅವರ ಮುಖ್ಯ ದೂರುಗಳಲ್ಲಿ ಒಂದಾಗಿತ್ತು. 2025ರ ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಮೊದಲ ದಿನಗಳಿಂದಲೇ ಸರ್ವರ್ ಮತ್ತು ಓಟಿಪಿ ತೊಂದರೆಯಿಂದ ಮೇಷ್ಟ್ರುಗಳು ಮನೆ ಬಾಗಿಲುಗಳಲ್ಲಿ ಕಾದು ನಿಂತದ್ದನ್ನು ರಾಜ್ಯವೆಲ್ಲ ನೋಡಿದೆ. ಅಕ್ಟೋಬರ್ 7ಕ್ಕೆ ಮುಗಿಯಬೇಕಿದ್ದ ಮೇಷ್ಟ್ರುಗಳ ಆ ಕೆಲಸ 18ರವರೆಗೆ ಹೋಯಿತು, ಅದಕ್ಕಾಗಿ ದಸರಾ ರಜೆಯನ್ನೂ ವಿಸ್ತರಿಸಬೇಕಾಯಿತು.

ಈಗ ನನ್ನ ಕಸುಬಿನಲ್ಲಿ ಕಂಡದ್ದನ್ನು ಹೇಳುತ್ತೇನೆ. ಓಟಿಪಿ ಬರುತ್ತಿಲ್ಲ ಎಂದರೆ ಮೇಲಿನವರು ತಕ್ಷಣ 'ನಿಮ್ಮ ಫೋನ್ ಸರಿಯಿಲ್ಲ' ಎನ್ನುತ್ತಾರೆ. ಎಷ್ಟೋ ಸಲ ಫೋನಿಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಸಿಮ್ ಕಳೆದು ಅದೇ ನಂಬರಿಗೆ ಹೊಸ ಸಿಮ್ ತೆಗೆದುಕೊಂಡರೆ 24 ಗಂಟೆ ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಸಿಮ್ ಬದಲಿಸಿ ವಂಚಿಸುವವರನ್ನು ತಡೆಯಲು ದೂರಸಂಪರ್ಕ ಇಲಾಖೆ 2022ರಲ್ಲಿ ತಂದ ನಿಯಮ ಅದು, ಒಳ್ಳೆಯ ನಿಯಮವೇ. ಆದರೆ ಆ ಒಂದು ದಿನ ಕಾರ್ಯಕರ್ತೆಗೆ ಓಟಿಪಿ ಬರುವುದಿಲ್ಲ ಎಂಬುದು ಸೂಪರ್‌ವೈಸರ್‌ಗೆ ಗೊತ್ತಿರಬೇಡವೇ? ಇನ್ನು ಕೆಲವರ ಲಾಗಿನ್ ಇರುವುದು ಹಿಂದೆ ಆ ಜಾಗದಲ್ಲಿದ್ದವರ ನಂಬರಿನಲ್ಲಿ, ಇಲ್ಲವೇ ಕೆಲಸಕ್ಕೆ ಸೇರಿದಾಗ ಬರೆಸಿದ್ದ ಗಂಡನ ನಂಬರಿನಲ್ಲಿ. ರೀಚಾರ್ಜ್ ಇಲ್ಲದೆ, ಬಳಕೆಯೂ ಇಲ್ಲದೆ 90 ದಿನ ಬಿದ್ದಿದ್ದ ನಂಬರನ್ನು ಕಂಪನಿ ನಿಲ್ಲಿಸಬಹುದು, ಮುಂದೆ ಬೇರೆಯವರಿಗೆ ಕೊಡಲೂಬಹುದು. ಕೊಟ್ಟಮೇಲೆ ಈಕೆಯ ಓಟಿಪಿ ಯಾರೋ ಅಪರಿಚಿತರ ಫೋನಿಗೆ ಹೋಗುತ್ತದೆ. ತಪ್ಪು ಫೋನುಗಳಾಚೆಯೂ ಇರಬಹುದು ಎಂಬುದಕ್ಕೆ 2021ರ ಮಾರ್ಚ್ 8 ಸಾಕ್ಷಿ. ಕಂಪನಿಗಳು ಕಳಿಸುವ ಎಸ್‌ಎಂಎಸ್‌ಗಳ ಮಾದರಿಯನ್ನು ಮೊದಲೇ ನೋಂದಾಯಿಸಿರಬೇಕು ಎಂಬ ನಿಯಮವನ್ನು ಅಂದು ಬಿಗಿ ಮಾಡಿದಾಗ ದೇಶದ ತುಂಬ ಬ್ಯಾಂಕಿನ ಓಟಿಪಿಗಳೂ ನಿಂತವು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಅದನ್ನು ಏಳು ದಿನ ತಡೆಹಿಡಿಯಬೇಕಾಯಿತು. ಆ ದಿನ ಗುಬ್ಬಿಯ ಯಾವ ಫೋನನ್ನು ಬಿಚ್ಚಿ ನೋಡಿದ್ದರೂ ಏನೂ ಸಿಗುತ್ತಿರಲಿಲ್ಲ.

ಗಾಬರಿಯಲ್ಲಿ ಮತ್ತೆ ಮತ್ತೆ 'ರೀಸೆಂಡ್' ಒತ್ತುವುದೂ ಒಂದು ಕಾರಣ. ಸಾಮಾನ್ಯವಾಗಿ ಹೊಸ ಓಟಿಪಿ ಹೊರಟ ಕೂಡಲೇ ಹಳೆಯದು ಸಾಯುತ್ತದೆ. ನೆಟ್‌ವರ್ಕ್ ಕಡಿಮೆ ಇರುವ ಕಡೆ ಮೊದಲನೆಯದು ತಡವಾಗಿ ಬಂದು ತಲುಪುತ್ತದೆ, ಇವರು ಅದನ್ನೇ ಹಾಕುತ್ತಾರೆ, ತಪ್ಪು ಎನ್ನುತ್ತದೆ. ಹೀಗೇ ನಾಲ್ಕಾರು ಸಲ ಆದಮೇಲೆ ಖಾತೆ ಲಾಕ್. ಒಂದು ಸಲ ಒತ್ತಿ ಸ್ವಲ್ಪ ಹೊತ್ತು ಕಾಯಿರಿ ಎಂದು ತರಬೇತಿಯಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಕಾರ್ಖಾನೆಯ ಹುಡುಗರ ಕಷ್ಟ ಇನ್ನೊಂದು ಥರ. ಅವರ ಕೆಲಸದ ಆ್ಯಪ್‌ಗೆ ಪಾಸ್‌ವರ್ಡ್ ಜೊತೆಗೆ ಅಥೆಂಟಿಕೇಟರ್‌ನ ಆರಂಕಿಯ ಕೋಡೂ ಬೇಕು. ಈ ಕೋಡ್ ಎಲ್ಲಿಂದಲೋ ಬರುವುದಿಲ್ಲ. ಫೋನಿನಲ್ಲಿ ಬಚ್ಚಿಟ್ಟ ಗುಟ್ಟಿನ ಸಂಖ್ಯೆ ಮತ್ತು ಆ ಹೊತ್ತಿನ ಸಮಯ, ಎರಡನ್ನೂ ಸೇರಿಸಿ ಫೋನೇ ಸಾಮಾನ್ಯವಾಗಿ ಪ್ರತಿ 30 ಸೆಕೆಂಡಿಗೆ ಒಂದು ಕೋಡ್ ಲೆಕ್ಕ ಹಾಕುತ್ತದೆ. ಬ್ಯಾಟರಿ ಪೂರ್ತಿ ಇಳಿದು ಗಡಿಯಾರ ಐದು ನಿಮಿಷ ಹಿಂದೆ ಬಿದ್ದಿದ್ದರೆ ಎಲ್ಲ ಕೋಡೂ ತಪ್ಪು. ಸೆಟ್ಟಿಂಗ್ಸ್‌ನಲ್ಲಿ ಸಮಯವನ್ನು ಆಟೊಮ್ಯಾಟಿಕ್ ಮಾಡಿದರೆ ಅಲ್ಲಿಗೇ ಮುಗಿಯಿತು. ಇಷ್ಟಕ್ಕಾಗಿ ಒಂದು ಪಾಳಿಯ ಕೂಲಿ ಕಳೆದುಕೊಂಡ ಹುಡುಗನನ್ನು ನೋಡಿ ನನಗೆ ನಿಜವಾಗಿ ಸಂಕಟವಾಯಿತು. ಹಳೆಯ ಫೋನ್ ಮಾರಿ ಹೊಸದು ಕೊಂಡವರದು ಇನ್ನೂ ಕಷ್ಟ, ಗುಟ್ಟಿನ ಸಂಖ್ಯೆ ಹಳೆಯ ಫೋನಿನ ಜೊತೆಗೇ ಹೋಗಿರುತ್ತದೆ. ಕಂಪನಿಯ ಅಡ್ಮಿನ್ ಮನಸ್ಸು ಮಾಡುವವರೆಗೆ ಯಾರೇನೂ ಮಾಡುವಂತಿಲ್ಲ.

ನನಗೆ ಹೆಚ್ಚು ನೋವು ಕೊಡುವ ಸಂಗತಿಯೆಂದರೆ ವಾಟ್ಸಾಪ್ ಗುಂಪಿನಲ್ಲಿ ಬರುವ 'ಆ್ಯಪ್ ತೆಗೆದು ಮತ್ತೆ ಹಾಕಿ' ಎಂಬ ಆದೇಶ. ಎಲ್ಲ ರೋಗಕ್ಕೂ ಅದೊಂದೇ ಮದ್ದು ಎಂಬಂತೆ ಕೊಡುತ್ತಾರೆ. ಆಂಡ್ರಾಯ್ಡ್ ಫೋನಿನಲ್ಲಿ 'ಕ್ಲಿಯರ್ ಕ್ಯಾಶ್' ಬೇರೆ, 'ಕ್ಲಿಯರ್ ಡೇಟಾ' ಬೇರೆ. ಮೊದಲನೆಯದು ಕಸ ಗುಡಿಸುತ್ತದೆ. ಎರಡನೆಯದು ಆ್ಯಪ್ ತನ್ನೊಳಗೆ ಇಟ್ಟುಕೊಂಡದ್ದನ್ನೆಲ್ಲ ಅಳಿಸುತ್ತದೆ, ಅನ್‌ಇನ್‌ಸ್ಟಾಲ್ ಮಾಡಿದರೂ ಅದೇ. ನೆಟ್‌ವರ್ಕ್ ಇಲ್ಲದ ಹಳ್ಳಿಯಲ್ಲಿ ಆಫ್‌ಲೈನ್ ತುಂಬಿಸಿದ ಮಾಹಿತಿ ಸರ್ವರ್‌ಗೆ ಹೋಗುವ ಮೊದಲೇ ಹೀಗೆ ಮಾಡಿದರೆ ಅಷ್ಟೂ ಹೋದಂತೆ. ಮನೆಮನೆ ಸುತ್ತುವ ಕೆಲಸದ ಹೆಣ್ಣುಮಗಳೊಬ್ಬಳು ಹೀಗೆ ಇಡೀ ಊರಿನ ಮಾಹಿತಿ ಕಳೆದುಕೊಂಡು ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಅತ್ತಳು. ಯಾವ ಇಲಾಖೆ ಎಂದು ಬರೆದರೆ ಆಕೆಗೇ ತೊಂದರೆ, ಬರೆಯುವುದಿಲ್ಲ. ಅವಳು ಮತ್ತೆ ಎಲ್ಲ ಮನೆಗಳಿಗೂ ಹೋದಳು. 'ಮೊನ್ನೆ ತಾನೆ ಎಲ್ಲಾ ಕೇಳ್ಕೊಂಡ್ ಹೋದ್ಯಲ್ಲವ್ವಾ' ಎಂದು ಜನ ರೇಗಿದ್ದನ್ನೂ ಅವಳೇ ಕೇಳಿಸಿಕೊಂಡಳು. ಆ ಆದೇಶ ಹಾಕಿದವರನ್ನು ಯಾರೂ ಏನೂ ಕೇಳಲಿಲ್ಲ.

ಇನ್ನೊಂದು ಅಪಾಯವನ್ನು ನೀವು ಗಂಭೀರವಾಗಿ ತೆಗೆದುಕೊಳ್ಳಬೇಕು. ಓಟಿಪಿ ಯಾರಿಗೂ ಹೇಳಬೇಡಿ, ಮೋಸ ಹೋದರೆ 1930ಕ್ಕೆ ಫೋನ್ ಮಾಡಿ ಎಂದು ಪೊಲೀಸರು ಸಾರುತ್ತಿದ್ದಾರೆ. ಅದೇ ಊರುಗಳಲ್ಲಿ ಸಿಬ್ಬಂದಿ ದಿನದ ಗುರಿ ಮುಟ್ಟಿಸಲು ತಮ್ಮ ಐಡಿ, ಪಾಸ್‌ವರ್ಡ್, ಓಟಿಪಿ ಮೂರನ್ನೂ ಕಚೇರಿಯ ಡೇಟಾ ಎಂಟ್ರಿಯವರಿಗೋ ಸೈಬರ್ ಸೆಂಟರ್‌ಗೋ ನನ್ನಂಥ ಅಂಗಡಿಯವನಿಗೋ ಒಪ್ಪಿಸುತ್ತಿದ್ದಾರೆ. ಮನೆಯ ಬಾಗಿಲ ಮುಂದೆ ಫಲಾನುಭವಿಯಿಂದಲೂ ಓಟಿಪಿ ಕೇಳಬೇಕಾಗುತ್ತದೆ. ಸರ್ಕಾರದ ಕೆಲಸಕ್ಕೆ ಓಟಿಪಿ ಹೇಳಿ ರೂಢಿಯಾದ ಅಜ್ಜಿ, ನಾಳೆ ಕಳ್ಳ ಕೇಳಿದಾಗ ಹೇಳುವುದಿಲ್ಲ ಎಂದು ಯಾವ ಧೈರ್ಯದ ಮೇಲೆ ನಂಬುವುದು? ಪಾಸ್‌ವರ್ಡನ್ನು ಆಗಾಗ ಬದಲಿಸಬೇಕೆಂಬ ಹಟವೂ ಇದಕ್ಕೆ ಸೇರಿಕೊಂಡಿದೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ, ಸೋರಿಕೆಯಾದ ಸುಳಿವು ಇಲ್ಲದೆ ಸುಮ್ಮನೆ ಅವಧಿಗೊಮ್ಮೆ ಪಾಸ್‌ವರ್ಡ್ ಬದಲಿಸುವಂತೆ ಒತ್ತಾಯಿಸಬೇಡಿ ಎಂದು ಹೇಳಿಬಿಟ್ಟಿದೆ. ಇಲ್ಲಿ ನಾನು ಫೋನಿನ ಹಿಂದಿನ ಕವರ್ ತೆಗೆದರೆ ಒಳಗೆ ಚೀಟಿ, ಚೀಟಿಯಲ್ಲಿ ಒಂದರ ಕೆಳಗೊಂದು ಹೊಡೆದುಹಾಕಿದ ಪಾಸ್‌ವರ್ಡ್‌ಗಳು.

ಲಾಕ್ ಆದ ಖಾತೆ ತೆರೆಸುವ ದಾರಿ ಹೇಗಿದೆ ನೋಡಿ. ತಾಲ್ಲೂಕಿನವರು ಜಿಲ್ಲೆಗೆ ಕೇಳಿ ಎನ್ನುತ್ತಾರೆ. ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿ.ಮೀ., ಕುಣಿಗಲ್‌ನಿಂದ ಇನ್ನೂ ದೂರ. ಹುಲಿಯೂರುದುರ್ಗದ ಕಡೆಯವರಾದರೆ ಮೊದಲು ಕುಣಿಗಲ್‌ಗೆ ಬಂದು ಬಸ್ಸು ಬದಲಿಸಬೇಕು. ತುಮಕೂರಿಗೆ ಹೋದರೆ, ಬೆಂಗಳೂರಿಗೆ ಟಿಕೆಟ್ ರೈಸ್ ಮಾಡಿದ್ದೇವೆ, ಕಾಯಿರಿ ಎಂಬ ಉತ್ತರ. ಎಷ್ಟು ದಿನ ಎಂಬುದಕ್ಕೆ ಉತ್ತರವಿಲ್ಲ. ಗೌರವಧನದಲ್ಲಿ ಬದುಕುವ ಹೆಂಗಸು ಬಸ್ಸಿನ ದುಡ್ಡನ್ನೂ ಆ ದಿನವನ್ನೂ ತನ್ನ ಕೈಯಿಂದಲೇ ಹಾಕುತ್ತಾಳೆ. ಪಹಣಿಯನ್ನು ಕಂಪ್ಯೂಟರಿಗೆ ಹಾಕಿದ 'ಭೂಮಿ' ಯೋಜನೆ ಬಂದ ಕಾಲದಲ್ಲೂ ನೌಕರರು ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು. ಆದರೆ ಯಂತ್ರವೂ ನೌಕರನೂ ತಹಶೀಲ್ದಾರರೂ ಒಂದೇ ತಾಲ್ಲೂಕು ಕಚೇರಿಯಲ್ಲಿದ್ದರು, ಕೆಟ್ಟದ್ದು ಅಲ್ಲೇ ಕಣ್ಣಿಗೆ ಬೀಳುತ್ತಿತ್ತು. ಇವತ್ತು ಯಂತ್ರ ಕಾರ್ಯಕರ್ತೆಯ ಸೆರಗಿನಲ್ಲಿದೆ, ಸರಿಮಾಡುವವರು ಎಲ್ಲಿದ್ದಾರೋ ತಿಳಿಯದು. ನಾಗರಿಕರ ಅರ್ಜಿಗೆ 2011ರ ಸಕಾಲ ಕಾಯ್ದೆ ಗಡುವು ಹಾಕಿದೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವನ್ನೂ ಇಟ್ಟಿದೆ. ಅದೇ ಅರ್ಜಿಯನ್ನು ವಿಲೇವಾರಿ ಮಾಡಬೇಕಾದ ನೌಕರನ ಲಾಗಿನ್ ತೆರೆಯುವುದಕ್ಕೆ ಅಂಥ ಗಡುವು ಯಾಕೆ ಬೇಡ?

ಆದ್ದರಿಂದ ನಮ್ಮ ಬೇಡಿಕೆ ಇದು. ಪ್ರತಿ ತಾಲ್ಲೂಕು ಕೇಂದ್ರದಲ್ಲೂ ಲಾಗಿನ್ ರೀಸೆಟ್ ಮಾಡುವ, ನಂಬರ್ ಬದಲಿಸುವ ಅಧಿಕಾರವಿರುವ ಒಬ್ಬರನ್ನು ನೇಮಿಸಿ, ಅವರ ಫೋನ್ ನಂಬರನ್ನು ಎಲ್ಲ ಸಿಬ್ಬಂದಿಗೂ ಕೊಡಿ. ದೂರು ಕೊಟ್ಟ ಮರುದಿನದೊಳಗೆ ಖಾತೆ ತೆರೆಯಬೇಕು. ಅಲ್ಲಿಯವರೆಗಿನ ಕೆಲಸವನ್ನು ಕಾಗದದಲ್ಲಿ ಬರೆದುಕೊಟ್ಟರೆ ಹಾಜರಿ ಎಂದೇ ಒಪ್ಪಬೇಕು, ಒಂದು ರೂಪಾಯಿಯೂ ಕಡಿತವಾಗಬಾರದು. ಎಲ್ಲ ಬೇಡಿಕೆಗಳಲ್ಲಿ ಇದೊಂದಕ್ಕೆ ನಾನು ಹೆಚ್ಚು ಒತ್ತು ಕೊಡುತ್ತೇನೆ, ಯಾಕೆಂದರೆ ಇದಕ್ಕೆ ಹೊಸ ತಂತ್ರಾಂಶವೂ ಬೇಡ, ಬೆಂಗಳೂರಿಗೆ ಬೇಡಿಕೆ ಸಲ್ಲಿಸಿ ಕಾಯುವುದೂ ಬೇಡ. ಜಿಲ್ಲೆಯ ಮಟ್ಟದಲ್ಲೇ ಒಂದು ಸುತ್ತೋಲೆಗೆ ದಾರಿ ಹುಡುಕಬಹುದು. ಸರ್ವರ್ ನಿಂತ ದಿನ ಬೆಳಿಗ್ಗೆಯೇ ನಿಂತಿದೆ ಎಂದು ಎಲ್ಲರಿಗೂ ತಿಳಿಸಿ. ಆಗ ಅರ್ಧ ಜನ ನನ್ನ ಅಂಗಡಿಗೆ ಬಂದು ದುಡ್ಡು ಕಳೆಯುವುದು ತಪ್ಪುತ್ತದೆ. ನನಗೆ ಆ ದುಡ್ಡು ಬೇಡ. 'ಸಮ್‌ಥಿಂಗ್ ವೆಂಟ್ ರಾಂಗ್' ಎಂದು ಕೆಂಪಕ್ಷರದಲ್ಲಿ ಬರುವ ಕಡೆ, ಏನು ತಪ್ಪಿದೆ, ಮುಂದೇನು ಮಾಡಬೇಕು ಎಂದು ಕನ್ನಡದಲ್ಲಿ ಬರೆಯಲು ಆ್ಯಪ್ ಮಾಡಿದವರಿಗೆ ಪತ್ರ ಬರೆಯಿರಿ. ಓಟಿಪಿ ಅವಧಿ ಮುಗಿದಿದೆಯೋ, ಆ್ಯಪ್ ಹಳೆಯದೋ, ಖಾತೆ ಲಾಕ್ ಆಗಿದೆಯೋ ಎಂಬಷ್ಟು ತಿಳಿದರೆ ಬಹಳಷ್ಟು ಜನ ಯಾರ ಹಂಗಿಲ್ಲದೆ ತಾವೇ ಸರಿಮಾಡಿಕೊಳ್ಳುತ್ತಾರೆ. ಕಾರ್ಖಾನೆಗಳ ಮೇಲೆ ನಿಮ್ಮ ನೇರ ಹಿಡಿತವಿಲ್ಲದಿರಬಹುದು. ಆದರೂ ಕಾರ್ಮಿಕ ಇಲಾಖೆಯವರ ಮೂಲಕ ಇಂಥದೇ ಒಂದು ಸೂಚನೆ ಹೋಗಲಿ.

ಮುಂದಿನ ಪ್ರಗತಿ ಪರಿಶೀಲನಾ ಸಭೆಯಲ್ಲಿ ಶೇಕಡಾ ಎಷ್ಟು ಎಂಟ್ರಿ ಆಯಿತು ಎಂದು ಕೇಳುವ ಮೊದಲು, ಎಷ್ಟು ಜನರ ಖಾತೆ ಎಷ್ಟು ದಿನ ಲಾಕ್ ಆಗಿತ್ತು, ಯಾರು ತೆರೆದರು ಎಂದು ಕೇಳಿ. ಆ ಸಭೆಗೆ ಗುಬ್ಬಿ ಮತ್ತು ಕುಣಿಗಲ್‌ನಿಂದ ಹಳ್ಳಿಯಲ್ಲಿ ಕೆಲಸ ಮಾಡುವ ನಾಲ್ಕು ಜನ ಹೆಣ್ಣುಮಕ್ಕಳನ್ನು ಕರೆಸಿ, ಫೋನ್ ಕೈಯಲ್ಲಿ ಹಿಡಿದು ನಿಮ್ಮೆದುರಿಗೇ ಲಾಗಿನ್ ಆಗಲು ಹೇಳಿ. ಸಿಬ್ಬಂದಿಗೆ ಕ್ಯಾಶ್ ಯಾವುದು, ಡೇಟಾ ಯಾವುದು, ಸಿಮ್ ಬದಲಿಸಿದರೆ ಏನಾಗುತ್ತದೆ ಎಂದು ಹೇಳಿಕೊಡುವ ಒಂದು ದಿನದ ತರಬೇತಿ ಇಟ್ಟರೆ ನಾನೂ ನನ್ನ ಭಾಮೈದನೂ ದುಡ್ಡು ತೆಗೆದುಕೊಳ್ಳದೆ ಬರುತ್ತೇವೆ. ಭಾನುವಾರ ಬೇಡ, ಅವರಿಗೆ ಇರುವುದು ಅದೊಂದೇ ರಜೆ.

ಇತಿ,
ಗುಬ್ಬಿಯ ಮೊಬೈಲ್ ರಿಪೇರಿ ಅಂಗಡಿಯವನು