ನೇಪಥ್ಯದ ಭಾಷೆ

ಫೋನಿನ ತೆರೆಯ ಮೇಲೆ ಕಾಣುವುದು ರಂಗಸ್ಥಳವಾದರೆ, ದೂರದ ಸರ್ವರುಗಳಲ್ಲಿ ನಡೆಯುವುದು ನೇಪಥ್ಯದ ಕೆಲಸ. ಹೊಸ ತಂತ್ರಾಂಶವನ್ನು ಕಟ್ಟಹೊರಟವರು ಈ ನೇಪಥ್ಯಕ್ಕೆ ಯಾವ ಪ್ರೋಗ್ರಾಮಿಂಗ್ ಭಾಷೆ ತಕ್ಕುದೆಂದು ತಲೆ ಕೆಡಿಸಿಕೊಳ್ಳುವುದುಂಟು. ಹತ್ತು ಜನ ಹೋದ ದಾರಿಯೇ ಲೇಸೆಂದು ಬಹುಮಂದಿಯ ಮತ. 2009ರಲ್ಲಿ ಕ್ಯಾಲಿಫೋರ್ನಿಯದಲ್ಲಿ ವಾಟ್ಸಾಪನ್ನು ಆರಂಭಿಸಿದ ಜಾನ್ ಕೌಮ್ ಮತ್ತು ಬ್ರಯನ್ ಆಕ್ಟನ್ ಆ ದಾರಿ ಹಿಡಿಯಲಿಲ್ಲ.

ಇಬ್ಬರೂ ಯಾಹೂ ಸಂಸ್ಥೆಯ ಉದ್ಯೋಗ ತೊರೆದು ಬಂದವರು. ಆಕ್ಟನ್ನರಿಗಂತೂ ಅದೇ ವರ್ಷ ಫೇಸ್‌ಬುಕ್ಕಿನಲ್ಲಿ ಕೆಲಸ ದೊರೆಯದೆ ಹೋಗಿತ್ತು. ಸಂದೇಶಗಳನ್ನು ಸಾಗಿಸಲು ಅವರು ಆರಿಸಿಕೊಂಡದ್ದು ಎಜಾಬರ್‌ಡಿ ಎಂಬ ಸಿದ್ಧ ತಂತ್ರಾಂಶವನ್ನು. ಅದು ರಚಿತವಾಗಿದ್ದುದು ಎರ್ಲಾಂಗ್ ಭಾಷೆಯಲ್ಲಿ. ಮದುಮಗಳೊಡನೆ ಬಳುವಳಿ ಬಂದಂತೆ ಭಾಷೆಯೂ ಮನೆ ಸೇರಿತು!

ಈ ಬಳುವಳಿ ಸಾಮಾನ್ಯವಾದುದಲ್ಲ. ಸ್ವೀಡನ್ನಿನ ಎರಿಕ್ಸನ್ ಟೆಲಿಫೋನ್ ಸಂಸ್ಥೆಯಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಮತ್ತು ಅವರ ಸಹೋದ್ಯೋಗಿಗಳು 1986ರಿಂದ ಅದನ್ನು ರೂಪಿಸಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಒಂದು ಮನೆಯ ಮಾತು ಕಡಿದುಹೋದರೆ ಊರೆಲ್ಲ ಮೂಕವಾಗಬಾರದು. ದುರಸ್ತಿಯ ನೆಪದಲ್ಲಿ ಯಂತ್ರವನ್ನು ನಿಲ್ಲಿಸುವಂತೆಯೂ ಇಲ್ಲ. ಆದುದರಿಂದ ಎರ್ಲಾಂಗಿನಲ್ಲಿ ಪ್ರತಿಯೊಂದು ಸಂಭಾಷಣೆಗೂ ಒಂದು ಪುಟ್ಟ ಕಾರ್ಯಘಟಕ. ಒಂದರ ನೆನಪನ್ನು ಇನ್ನೊಂದು ಮುಟ್ಟದು. ಒಂದು ಕುಸಿದರೆ, ಕಾವಲಿಗಿರುವ ಮತ್ತೊಂದು ಘಟಕ ಅದನ್ನು ಹೊಸದಾಗಿ ಎಬ್ಬಿಸುತ್ತದೆ. ಲಕ್ಷಾಂತರ ಜನ ಏಕಕಾಲದಲ್ಲಿ ಹರಟೆ ಹೊಡೆಯುವ ವ್ಯವಹಾರಕ್ಕೆ ಇದಕ್ಕಿಂತ ಒಪ್ಪುವುದೇನಿದೆ? ಭಾರೀ ಲೆಕ್ಕಾಚಾರದ ಕೆಲಸಕ್ಕಾದರೋ ಈ ಭಾಷೆ ನಿಧಾನಿ. ಅದಕ್ಕೆ ಬೇರೆ ಭಾಷೆಗಳಿವೆ. ವಿಚಿತ್ರವೆಂದರೆ, 1998ರಲ್ಲಿ ಎರಿಕ್ಸನ್ ಸಂಸ್ಥೆಯ ಶಾಖೆಯೊಂದು ಹೊಸ ಉತ್ಪನ್ನಗಳಲ್ಲಿ ತನ್ನದೇ ಕೂಸಾದ ಎರ್ಲಾಂಗನ್ನು ಬಳಸಕೂಡದೆಂದು ವಿಧಿಸಿತು. ಅದೇ ವರ್ಷ ಅದು ಯಾರು ಬೇಕಾದರೂ ಬಳಸಬಹುದಾದ ಮುಕ್ತ ಭಾಷೆಯಾಯಿತು.

2012ರ ಹೊತ್ತಿಗೆ ವಾಟ್ಸಾಪಿನ ಒಂದೇ ಸರ್ವರು 20 ಲಕ್ಷ ಸಂಪರ್ಕಗಳನ್ನು ಒಟ್ಟಿಗೆ ಹಿಡಿದಿಟ್ಟಿತು. ಬಳುವಳಿಯನ್ನು ಬಂದಂತೆಯೇ ಇಟ್ಟುಕೊಂಡದ್ದರಿಂದಲ್ಲ, ಹಗಲಿರುಳು ತಿದ್ದಿ ತೀಡಿದ್ದರಿಂದ ಸಂದ ಫಲ ಅದು. 2014ರಲ್ಲಿ ಬಳಕೆದಾರರು ಸುಮಾರು 45 ಕೋಟಿ. ಎಂಜಿನಿಯರುಗಳು ಮಾತ್ರ 32 ಮಂದಿ. ಆ ಫೆಬ್ರವರಿಯಲ್ಲಿ 19 ಶತಕೋಟಿ ಡಾಲರುಗಳಿಗೆ ಅದನ್ನು ಕೊಳ್ಳುವುದಾಗಿ ಫೇಸ್‌ಬುಕ್ ಪ್ರಕಟಿಸಿತು.

2008ರಲ್ಲಿ ಫೇಸ್‌ಬುಕ್ ತನ್ನ ಸ್ವಂತ ಹರಟೆಯ ವ್ಯವಸ್ಥೆಯನ್ನೂ ಎರ್ಲಾಂಗಿನಲ್ಲಿಯೇ ಕಟ್ಟಿತ್ತು. ಆ ಭಾಷೆ ಬಲ್ಲವರು ವಿರಳ. ಕಾಲಕ್ರಮದಲ್ಲಿ ಅದನ್ನು ಕೈಬಿಟ್ಟು ಸಿ ಪ್ಲಸ್ ಪ್ಲಸ್ ಭಾಷೆಗೆ ಹೊರಳಿತು. ತಾನು ಹೊರಗಟ್ಟಿದ ಭಾಷೆ ಕೊಂಡ ಮನೆಯೊಡನೆ ಮರಳಿ ಬಂದಾಗ, ಈ ಬಾರಿ ಯಾರೂ ಅದನ್ನು ಹೊರಗಟ್ಟಲಿಲ್ಲ.